ಕೂಸು ಹಿಡಿಯುವವರು ಯಾರು?
– ಶಿಶುಪಾಲನಾ ಕೇಂದ್ರದ ಕಾನೂನು ನಡೆದು ಬಂದ ದಾರಿ –

ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿರಿ ಎಂದು ಸಂಪಾದಕ ಮಂಡಳಿಯವರು ಮನೆಗೆ ಬಂದು ಕೇಳಿಕೊಂಡಾಗ ನಾನು ಮೊದಲು ಹಿಂದೇಟು ಹಾಕಿದೆ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತನಾದ ಮಾಸ್ತರ ನಾನು. ಷೇರು, ಠೇವು, ಸಾಲ, ಲಾಭಾಂಶ ಇವುಗಳ ಲೆಕ್ಕ ನನಗಿಂತ ಆಡಳಿತ ಮಂಡಳಿಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಆದರೆ ಊರ ದುಡಿಯುವ ತಾಯಂದಿರ ಕೂಸುಗಳಿಗಾಗಿ ಸಂಘದಿಂದ ಒಂದು ಶಿಶುಪಾಲನಾ ಕೇಂದ್ರ ತೆರೆಯಬೇಕು ಎಂಬ ಮಾತು ಈಚೆಗೆ ಸದಸ್ಯರಲ್ಲಿ ನಡೆದದೆ. 'ಅದಕ್ಕ ಕಾಯ್ದೆ ಏನೈತಿ, ಪರವಾನಗಿ ಯಾರು ಕೊಡ್ತಾರ, ನಾಳೆ ಏನರ ಆದ್ರ ಯಾರು ಹೊಣಿ?' ಎಂದು ಕಟ್ಟೆಯ ಮೇಲೆ ಕೇಳುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಗಳೇ ಅವು. ಈ ಕಾನೂನು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ನಮ್ಮ ಪುರ್ತಗೇರಿಯಂಥ ಹಳ್ಳಿಗೆ ಅದು ಎಷ್ಟು ಬಂತು, ಎಷ್ಟು ಬರಲಿಲ್ಲ ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ಅಕ್ಕ ಬಿಟ್ಟ ಶಾಲೆ

ಇತಿಹಾಸಕ್ಕೆ ಹೋಗುವ ಮೊದಲು ಮನೆಯ ಒಂದು ಮಾತು ಹೇಳಿದರೆ ಓದುಗರು ಬೇಸರಪಟ್ಟುಕೊಳ್ಳಬಾರದು.

ನಾನು ಹುಟ್ಟಿದಾಗ ನನ್ನ ಅಕ್ಕನಿಗೆ ಎಂಟು ವರ್ಷ. ಎರಡನೇ ಇಯತ್ತೆಯಲ್ಲಿ ಓದುತ್ತಿದ್ದಳು. ಅವ್ವ ಕಸ ತೆಗೆಯಲು, ಶೇಂಗಾ ಕೀಳಲು, ಜೋಳ ಕೊಯ್ಯಲು ಕೂಲಿಗೆ ಹೋಗುತ್ತಿದ್ದಳು. ಮೊದಲು ಕೆಲವು ದಿನ ಬನ್ನಿಗಿಡದ ಟೊಂಗೆಗೆ ಹಳೇ ಸೀರೆ ಕಟ್ಟಿ, ಜೋಳಿಗೆಯಲ್ಲಿ ನನ್ನನ್ನು ಹಾಕಿ ಅವ್ವ ಸಾಲು ಹಿಡಿದಳಂತೆ. ಒಂದು ದಿನ ಕೆಂಪಿರುವೆ ಮೈತುಂಬ ಹತ್ತಿ ನಾನು ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಮರುದಿನದಿಂದ ಅಕ್ಕ ಶಾಲೆಗೆ ಹೋಗಲಿಲ್ಲ. ನನ್ನನ್ನು ಬಗಲಲ್ಲಿ ಎತ್ತಿಕೊಂಡು ಮನೆಯಲ್ಲಿ ಉಳಿದಳು. ನನ್ನ ಬಳಿಕ ತಂಗಿ, ತಂಗಿಯ ಬಳಿಕ ಇನ್ನೊಬ್ಬ ತಮ್ಮ. ಅಕ್ಕನ ಹೆಸರನ್ನು ಹಾಜರಿ ಪುಸ್ತಕದಿಂದ ಯಾವಾಗ ತೆಗೆದರೋ ಯಾರಿಗೂ ನೆನಪಿಲ್ಲ. ಅವಳು ಎತ್ತಿ ಬೆಳೆಸಿದ ನಾನು ಮಾಸ್ತರನಾದೆ. ಅವಳು ಇಂದಿಗೂ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ.

ಇಷ್ಟಕ್ಕೇ ಮುಗಿಯಲಿಲ್ಲ. ನೌಕರಿಗೆ ಸೇರಿದ ಮೊದಲ ವರ್ಷಗಳಲ್ಲಿ, ತಡವಾಗಿ ಬಂದ ಹುಡುಗಿಯರಿಗೆ ನಾನೂ ಬೆತ್ತದ ರುಚಿ ತೋರಿಸಿದ್ದುಂಟು. 'ತಮ್ಮನ್ನ ಹಿಡ್ಕೊಂಡ ಕುಂತಿದ್ದೆ ರೀ ಸರ, ಅವ್ವ ಬರೂದು ತಡಾ ಆತು' ಎಂದು ಅಂಗೈ ಉಜ್ಜಿಕೊಳ್ಳುತ್ತ ಹೇಳುವರು. ಅದು ನನ್ನ ಅಕ್ಕನ ಮಾತೇ ಎಂದು ನನಗೆ ಹೊಳೆಯಲು ಬಹಳ ದಿನ ಹಿಡಿಯಿತು. ಈ ಲೇಖನಕ್ಕೆ ಕೈ ಹಾಕಿದ್ದರ ಕಾರಣ ಅದು.

ಸಹಕಾರದ ಹಿರಿಯನೂ ಕೂಸುಗಳ ಶಾಲೆಯೂ

ಶಿಶುಪಾಲನೆಯು ಸಹಕಾರ ಸಂಘಗಳಿಗೆ ಸಂಬಂಧವಿಲ್ಲದ ಕೆಲಸ ಎಂದು ಕೆಲವರು ತಿಳಿದಿದ್ದಾರೆ. ಇತಿಹಾಸ ನೋಡಿದರೆ ಹಾಗಿಲ್ಲ. ಸಹಕಾರಿಗಳು ತಮ್ಮ ಮೂಲ ಪುರುಷರಲ್ಲಿ ಒಬ್ಬನೆಂದು ನೆನೆಯುವ ರಾಬರ್ಟ್ ಓವನ್ ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಎಂಬಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದವನು. ಅವನು 1816ರ ಜನವರಿ 1ರಂದು ಗಿರಣಿಯ ಕೆಲಸಗಾರರ ಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದನು. ನಡೆದಾಡಲು ಬಂದ ಕೂಸನ್ನೂ ಅಲ್ಲಿ ಸೇರಿಸಿಕೊಳ್ಳುತ್ತಿದ್ದರು. ಅಲ್ಲಿ ಎಳೆಯ ಮಕ್ಕಳನ್ನು ನೋಡಿಕೊಳ್ಳಲು ಓವನ್ ಮೊದಲು ನೇಮಿಸಿದವರು ದೊಡ್ಡ ಪಂಡಿತರಲ್ಲ. ಒಬ್ಬ ಕೈಮಗ್ಗದ ನೇಕಾರ, ಇನ್ನೊಬ್ಬಳು ಹದಿನೇಳು ವರ್ಷದ ಹುಡುಗಿ. ಯಾವ ಮಗುವಿಗೂ ಹೊಡೆಯಬಾರದು, ಬೈಯಬಾರದು ಎಂಬುದು ಅವನು ಅವರಿಗೆ ಕೊಟ್ಟ ಮೊದಲ ಅಪ್ಪಣೆ. ಇದನ್ನು ಓದಿದಾಗ ನನ್ನ ಬೆತ್ತ ನೆನಪಾಗಿ ನಾಚಿಕೆಯಾಯಿತು.

ಇನ್ನೊಂದು ಕಾಕತಾಳೀಯ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 28 ಜನ ಕೂಡಿ ತಮ್ಮ ಸಹಕಾರಿ ಅಂಗಡಿ ತೆರೆದದ್ದು 1844ರ ಡಿಸೆಂಬರ್ 21ರಂದು ಎಂಬುದನ್ನು ಸಹಕಾರಿಗಳೆಲ್ಲ ಬಲ್ಲರು. ಅದೇ 1844ರ ನವೆಂಬರದಲ್ಲಿ ಪ್ಯಾರಿಸ್ಸಿನಲ್ಲಿ ಫಿರ್ಮಿನ್ ಮಾರ್ಬೊ ಎಂಬವನು ಕೂಲಿ ಹೆಣ್ಣುಮಕ್ಕಳ ಹಸುಗೂಸುಗಳಿಗಾಗಿ ಮೊದಲ 'ಕ್ರೆಶ್' ತೆರೆದನು. ಆ ಫ್ರೆಂಚ್ ಶಬ್ದಕ್ಕೆ ಗೋದಲಿ ಎಂದೇ ಅರ್ಥ. ನಾವು ಈಗ ಕ್ರೆಷ್ ಎಂದು ಕರೆಯುವ ವ್ಯವಸ್ಥೆಯ ಹುಟ್ಟು ಅಲ್ಲಿಯದು. ಹೀಗೆ ಸಹಕಾರಿ ಅಂಗಡಿಯೂ ಕೂಸಿನ ಮನೆಯೂ ಒಂದೇ ವರ್ಷದ ಸಂಗತಿಗಳು. ಎರಡೂ ಗಿರಣಿ ಕಾಲದ ಬಡವರ ಕಷ್ಟದಿಂದ ಹುಟ್ಟಿದವು.

ನಮ್ಮ ಜಿಲ್ಲೆಗೆ ಸಹಕಾರ ಬಂದದ್ದು ತಡವಾಗಿ ಅಲ್ಲ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚರಿತ್ರೆ ಬರೆಯುವವರು ಆ ಊರನ್ನು ಬಿಟ್ಟು ಬರೆಯಲಾರರು. ರೈತನಿಗೆ ಬೀಜ, ಎತ್ತು, ಗೊಬ್ಬರಕ್ಕೆ ಸಾಲ ಬೇಕು ಎಂಬುದು ಅಂದೇ ಗೊತ್ತಾಯಿತು. ರೈತನ ಹೆಂಡತಿಯ ಎರಡು ಕೈ ಬಿಡುವಾಗಬೇಕಾದರೆ ಕೂಸು ಹಿಡಿಯುವವರು ಬೇಕು ಎಂಬುದು ಮಾತ್ರ ನೂರು ವರ್ಷ ಕಳೆದರೂ ಯಾವ ಸಂಘದ ಕಾರ್ಯಸೂಚಿಯಲ್ಲೂ ಸುಲಭವಾಗಿ ಬರಲಿಲ್ಲ.

ಗಿರಣಿಯಿಂದ ಬಂದ ಕಾಯ್ದೆ

ನಮ್ಮ ರೋಣ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿ ಇತ್ತು. ಹಾಗಾಗಿ ಈ ಕಾಯ್ದೆಗಳ ಕಥೆ ಮುಂಬಯಿಯಿಂದಲೇ ಆರಂಭವಾಗುತ್ತದೆ. 1929ರಲ್ಲಿ ಮುಂಬಯಿ ಪ್ರಾಂತ್ಯ ಹೆರಿಗೆ ಭತ್ಯದ ಕಾಯ್ದೆ ಮಾಡಿತು. ಅದೇ ವರ್ಷ ನೇಮಕವಾದ ಕಾರ್ಮಿಕ ರಾಯಲ್ ಕಮಿಶನ್ 1931ರಲ್ಲಿ ತನ್ನ ವರದಿ ಕೊಟ್ಟಿತು. ಗಿರಣಿಗೆ ಹೋಗುವ ತಾಯಂದಿರು ಕೂಸು ಅಳದೆ ಮಲಗಲೆಂದು ಅಫೀಮಿನ ಗುಳಿಗೆ ಕೊಡುತ್ತಿದ್ದ ಸಂಗತಿ ಆಗಿನ ಮುಂಬಯಿಯ ದೊಡ್ಡ ಚಿಂತೆಯಾಗಿತ್ತು. ತಾಯಿ ಕೆಟ್ಟವಳಿದ್ದು ಕೊಡುತ್ತಿರಲಿಲ್ಲ. ಕೂಸನ್ನು ಇಡಲು ಬೇರೆ ಜಾಗ ಇರಲಿಲ್ಲ.

1934ರ ಕಾರಖಾನೆ ಕಾಯ್ದೆಯಲ್ಲಿ, ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಾರಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ಪ್ರಾಂತ ಸರಕಾರಗಳು ನಿಯಮ ಮಾಡಬಹುದು ಎಂದು ಬರೆದರು. 'ಮಾಡಬಹುದು' ಎಂಬುದು 'ಮಾಡಲೇಬೇಕು' ಆದದ್ದು ಸ್ವಾತಂತ್ರ್ಯ ಬಂದ ಮೇಲೆ, 1948ರ ಕಾರಖಾನೆ ಕಾಯ್ದೆಯ 48ನೆಯ ಕಲಮಿನಲ್ಲಿ. ಆ ಕಾಯ್ದೆಯ ಮಾದರಿ ನಿಯಮಗಳು ಬಹಳ ವಿವರವಾದವು: ಮಗು ಒಂದಕ್ಕೆ 20 ಚದರ ಅಡಿ ನೆಲ, ದಿನಕ್ಕೆ ಅರ್ಧ ಪೈಂಟ್ ಶುದ್ಧ ಹಾಲು, ತಾಯಿ ಬಂದು ಮೊಲೆಯುಣಿಸಲು ತಲಾ ಹದಿನೈದು ಮಿನಿಟಿನ ಎರಡು ಬಿಡುವು. ಇದನ್ನು ಬರೆದವರು ಕೂಸಿನ ಹೊಟ್ಟೆಯನ್ನು ಬಲ್ಲವರೇ ಇರಬೇಕು.

1951ರ ತೋಟ ಕಾರ್ಮಿಕರ ಕಾಯ್ದೆ ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಇದೇ ನಿಯಮ ತಂದಿತು. 1981ರ ತಿದ್ದುಪಡಿಯಿಂದ, ಹೆಣ್ಣಾಳುಗಳ ಸಂಖ್ಯೆ ಐವತ್ತು ಮುಟ್ಟದಿದ್ದರೂ ಅವರ ಮಕ್ಕಳು ಇಪ್ಪತ್ತು ಇದ್ದರೆ ಸಾಕು ಎಂದಾಯಿತು. 1976ರಲ್ಲಿ ಕಾರಖಾನೆಗಳ ಐವತ್ತು ಮೂವತ್ತಕ್ಕೆ ಇಳಿಯಿತು. 1996ರಲ್ಲಿ ಕಟ್ಟಡ ಕೆಲಸಗಾರರ ಕಾಯ್ದೆ ಬಂತು. ಅಲ್ಲಿ ಮತ್ತೆ ಐವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಎಂಬ ಲೆಕ್ಕ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದುಪಡಿಯಾಗಿ, ಗಂಡಸರು ಹೆಂಗಸರು ಕೂಡಿ ಐವತ್ತು ನೌಕರರಿದ್ದಲ್ಲಿ ಶಿಶುಪಾಲನಾ ಕೇಂದ್ರ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂದಾಯಿತು. ಕೂಸು ತಾಯಿಯೊಬ್ಬಳದೇ ಅಲ್ಲ, ತಂದೆಯದೂ ಹೌದು ಎಂದು ಕಾನೂನು ಲೆಕ್ಕದಲ್ಲಿ ಒಪ್ಪಿದ್ದು ಹೀಗೆ. 2020ರಲ್ಲಿ ಮಾಡಿ 2025ರ ನವೆಂಬರ್ 21ರಂದು ಜಾರಿಗೆ ತಂದ ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದಿವೆ. ಅಲ್ಲಿಯೂ ಐವತ್ತರ ಲೆಕ್ಕವೇ ಉಳಿದದೆ.

ಹೊಲದಾಗ ಐವತ್ತು ಮಂದಿ ಎಲ್ಲಿ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಕಾಯ್ದೆಗಳು ಮೊದಲು ಕೇಳುವದು ಒಂದೇ ಪ್ರಶ್ನೆ: ಒಬ್ಬ ಮಾಲೀಕನ ಕೈಕೆಳಗೆ ಎಷ್ಟು ಮಂದಿ? ನಮ್ಮ ಹೊಲಗಳಲ್ಲಿ ಐವತ್ತು ಹೆಣ್ಣುಮಕ್ಕಳು ಒಬ್ಬ ಧಣಿಯ ಹತ್ತಿರ ಎಂದೂ ದುಡಿಯುವದಿಲ್ಲ. ಇಂದು ಒಬ್ಬರ ಹೊಲದಾಗ ಎಂಟು ಮಂದಿ, ನಾಳೆ ಇನ್ನೊಬ್ಬರ ಹೊಲದಾಗ ಆರು ಮಂದಿ. ಸ್ವಂತ ಎರಡು ಎಕರೆಯಲ್ಲಿ ದುಡಿಯುವ ತಾಯಿಗೆ ಮಾಲೀಕನೇ ಇಲ್ಲ. ಅವಳೇ ಮಾಲೀಕಳು, ಅವಳೇ ಆಳು. ಗಜೇಂದ್ರಗಡದ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವ ಹೆಣ್ಣುಮಕ್ಕಳದೂ ಇದೇ ಪಾಡು. ಊರೆಲ್ಲ ಕೂಡಿದರೆ ಐವತ್ತಲ್ಲ, ಇನ್ನೂ ಹೆಚ್ಚು ತಾಯಂದಿರು ಆಗುತ್ತಾರೆ. ಆದರೆ ಬಿಡಿಬಿಡಿಯಾಗಿ ಇರುವದರಿಂದ ಕಾನೂನಿನ ಕಣ್ಣಿಗೆ ಯಾರೂ ಬೀಳುವದಿಲ್ಲ.

ಹಳ್ಳಿಯ ದಾರಿಯನ್ನು ಕಾನೂನಿಗಿಂತ ಮೊದಲು ಕಂಡವರು ಹೆಣ್ಣುಮಕ್ಕಳೇ. ತಾರಾಬಾಯಿ ಮೋಡಕರು ಅನುತಾಯಿ ವಾಘರ ಜೊತೆಗೂಡಿ 1945ರಲ್ಲಿ ಮುಂಬಯಿ ಪ್ರಾಂತ್ಯದ ಬೋರ್ಡಿ ಎಂಬ ಊರಲ್ಲಿ ಬಾಲವಾಡಿ ಆರಂಭಿಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಮಕ್ಕಳಿದ್ದ ಅಂಗಳಕ್ಕೇ ಶಾಲೆ ಹೋಗಬೇಕು ಎಂಬುದು ಅವರ ವಿಚಾರ. ಮುಂದೆ ಕೋಸಬಾಡದಲ್ಲಿ ಅವರು ಕೂಸುಗಳ ಕೋಣೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಇಟ್ಟರು. ಹೀಗಾಗಿ ಕೂಸು ಹೊತ್ತ ಅಕ್ಕ ಅದನ್ನು ಒಂದು ಕೋಣೆಯಲ್ಲಿ ಬಿಟ್ಟು ಪಕ್ಕದ ಕೋಣೆಯಲ್ಲಿ ಕೂತು ಓದಬಹುದಿತ್ತು. ನನ್ನ ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ. 1969ರಲ್ಲಿ ದಿಲ್ಲಿಯಲ್ಲಿ ಮೀರಾ ಮಹಾದೇವನ್ ಅವರು ಕಟ್ಟಡ ಕೆಲಸದ ಜಾಗದಲ್ಲಿ ಮಣ್ಣಿನಲ್ಲಿ ಮಲಗಿದ್ದ ಕೂಸುಗಳನ್ನು ಕಂಡು ಡೇರೆಯಲ್ಲಿ ಸಂಚಾರಿ ಶಿಶುಪಾಲನಾ ಕೇಂದ್ರ ತೆರೆದರು. ಅಹಮದಾಬಾದಿನ ಸೇವಾ ಸಂಸ್ಥೆಯವರು 1980ರ ದಶಕದಲ್ಲಿ ಶಿಶುಪಾಲನೆ ಮಾಡುವ ಹೆಣ್ಣುಮಕ್ಕಳದೇ ಸಹಕಾರ ಸಂಘ ಕಟ್ಟಿದರು. ನಮಗೆ ಅತಿ ಹತ್ತಿರದ ಉದಾಹರಣೆ ಇದೇ.

ಸರಕಾರದ ಕಡೆಯಿಂದ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು; ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂಗನವಾಡಿ ಹಳ್ಳಿಗೆ ದೊಡ್ಡ ಉಪಕಾರ ಮಾಡಿದೆ. ಆದರೆ ಅಲ್ಲಿ ದಿನವೂ ಬಂದು ಕೂಡುವವರು ಮೂರರಿಂದ ಆರು ವರ್ಷದವರು. ಮೂರು ತುಂಬದ ಕೂಸಿಗೆ ಪೌಷ್ಟಿಕ ಆಹಾರ ಮನೆಗೆ ಬರುತ್ತದೆ, ಹಿಡಿಯುವ ಕೈ ಬರುವದಿಲ್ಲ. ಕೇಂದ್ರ ಸರಕಾರದ ಶಿಶುಪಾಲನಾ ಯೋಜನೆಯು 2006ರಲ್ಲಿ ರಾಜೀವ್ ಗಾಂಧಿ ಅವರ ಹೆಸರಿನಲ್ಲಿ, 2017ರಲ್ಲಿ ರಾಷ್ಟ್ರೀಯ ಯೋಜನೆಯಾಗಿ ನಡೆದು, 2022ರಿಂದ 'ಪಾಲನಾ' ಎಂಬ ಹೆಸರು ಪಡೆದದೆ.

ಹಳ್ಳಿಯ ದುಡಿಮೆಗೆ ಹೊಂದುವ ಲೆಕ್ಕ ಕಂಡದ್ದು 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ. ಕೆಲಸದ ಜಾಗಕ್ಕೆ ತಾಯಂದಿರ ಸಂಗಡ ಬಂದ ಆರು ವರ್ಷದೊಳಗಿನ ಮಕ್ಕಳು ಐದು ಅಥವಾ ಹೆಚ್ಚು ಇದ್ದರೆ, ಆ ಹೆಣ್ಣುಮಕ್ಕಳಲ್ಲೇ ಒಬ್ಬಳನ್ನು ಮಕ್ಕಳ ಮೇಲೆ ಕೂಡಿಸಿ ಅವಳಿಗೂ ಕೂಲಿ ಕೊಡಬೇಕು ಎಂದು ಅದರ ಎರಡನೆಯ ಅನುಸೂಚಿಯಲ್ಲಿ ಬರೆದಿದ್ದರು. ಐವತ್ತು ಆಳಿನ ಲೆಕ್ಕವಿಲ್ಲ, ಐದು ಕೂಸಿನ ಲೆಕ್ಕ. ಕೂಸು ನೋಡುವದೂ ಮಣ್ಣು ಹೊತ್ತಷ್ಟೇ ಬೆಲೆಯ ಕೆಲಸ ಎಂಬ ಮಾತು ಅದರಲ್ಲಿತ್ತು. ಈ ಕಾಯ್ದೆಯ ಬದಲಿಗೆ ಬೇರೆ ಕಾಯ್ದೆಗೆ ಸಂಸತ್ತು 2025ರ ಡಿಸೆಂಬರದಲ್ಲಿ ಒಪ್ಪಿಗೆ ಕೊಟ್ಟಿದೆ. ಕಾಯ್ದೆಯ ಹೆಸರು ಬದಲಾಗಬಹುದು, ಕೂಸಿನ ಹಸಿವು ಬದಲಾಗುವದಿಲ್ಲ. ನಮ್ಮ ರಾಜ್ಯ ಸರಕಾರ 2023ರ ಮುಂಗಡಪತ್ರದಲ್ಲಿ 4000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವದಾಗಿ ಹೇಳಿ, ಜಾಬ್ ಕಾರ್ಡ್ ಇದ್ದ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಆರೈಕೆಯ ಕೆಲಸಕ್ಕೆ ಹಚ್ಚಿತು.

ನಾವು ತೆರೆಯಬೇಕಾದರೆ

'ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು' ಎಂದು ನಮ್ಮಲ್ಲಿ ನಗೆಯಾಡುತ್ತಾರೆ. ಈ ಕೆಲಸದಲ್ಲಿ ಮಾತ್ರ ಕುಲಾವಿ ಮೊದಲು ಹೊಲಿಸಲೇಬೇಕು.

ಮೊದಲನೆಯದು ಸಂಘದ ಅಧಿಕಾರ. ಉಪವಿಧಿಗಳ ಉದ್ದೇಶಗಳಲ್ಲಿ ಇಲ್ಲದ ಕೆಲಸವನ್ನು ಸಂಘ ಮಾಡಲಾಗದು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 12ನೆಯ ಪ್ರಕರಣದಂತೆ ಸರ್ವಸಾಧಾರಣ ಸಭೆಯಲ್ಲಿ ತಿದ್ದುಪಡಿ ಪಾಸಾಗಿ, ಸಹಕಾರ ಇಲಾಖೆಯಲ್ಲಿ ನೋಂದಣಿಯಾಗಬೇಕು. ಖರ್ಚಿನ ಹಣ ಲಾಭದಿಂದ ಬರಬೇಕಾದರೆ ಆಪದ್ಧನ ನಿಧಿಯ ಪಾಲು ಮೊದಲು ತೆಗೆದು, ಉಳಿದುದರಲ್ಲಿ ಉಪವಿಧಿ ಒಪ್ಪುವಷ್ಟೇ ತೆಗೆಯಬೇಕು. ಸದಸ್ಯರ ಠೇವಿಗೆ ಕೈ ಹಾಕಬಾರದು.

ಎರಡನೆಯದು ಪರವಾನಗಿ. ಶಿಶುಪಾಲನಾ ಕೇಂದ್ರಕ್ಕೆಂದೇ ದೇಶಕ್ಕೆಲ್ಲ ಒಂದೇ ಪರವಾನಗಿ ಕಾಯ್ದೆ ಇಲ್ಲ. ಹಾಗೆಂದು ಕಾನೂನೇ ಇಲ್ಲ ಎಂದು ತಿಳಿಯಬಾರದು. ಕಟ್ಟಡಕ್ಕೆ ಗ್ರಾಮ ಪಂಚಾಯತಿಯ ಒಪ್ಪಿಗೆ ಬೇಕು. ಅಡುಗೆ ಮಾಡಿ ಉಣಿಸುವದಾದರೆ 2006ರ ಆಹಾರ ಸುರಕ್ಷತೆ ಕಾಯ್ದೆಯಂತೆ ನೋಂದಣಿ ಬೇಕು. ಲಾಭವಿಲ್ಲದ ಕೆಲಸವೆಂದು ಅದರಿಂದ ಬಿಡುಗಡೆ ಇಲ್ಲ. ಮಹಿಳಾ ಮತ್ತು ಮಕ್ಕಳ ಇಲಾಖೆಯ ತಾಲೂಕು ಕಚೇರಿಗೆ ಮೊದಲೇ ಲಿಖಿತ ತಿಳಿಸಿ, ಅವರ ಸಲಹೆ ಪಡೆಯುವದು ಜಾಣತನ.

ಮೂರನೆಯದು ಜಾಗ. ಕೇಂದ್ರ ಸರಕಾರ 2018ರಲ್ಲಿ ಕೆಲಸದ ಸ್ಥಳಗಳ ಕೇಂದ್ರಗಳಿಗಾಗಿ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ನಮಗೆ ಅದು ಕಡ್ಡಾಯವಲ್ಲದಿದ್ದರೂ ಒಳ್ಳೆಯ ಅಳತೆಗೋಲು. ಮಗುವಿಗೆ 10ರಿಂದ 12 ಚದರ ಅಡಿ ಎಂದು ಅದು ಹೇಳುತ್ತದೆ. ಹದಿನೈದು ಕೂಸುಗಳಿಗೆ 180 ಚದರ ಅಡಿ, ಅಂದರೆ 12 ಅಡಿ ಅಗಲ 15 ಅಡಿ ಉದ್ದದ ಒಂದು ಕೋಣೆ. ಇದಕ್ಕಿಂತ ಸ್ವಲ್ಪ ದೊಡ್ಡದೇ ಇರಲಿ. ನೆಲಮಟ್ಟದ ಕೋಣೆ, ಗಾಳಿ ಬೆಳಕು, ಕುಡಿಯುವ ನೀರು, ಸಣ್ಣ ಮಕ್ಕಳಿಗೆ ತಕ್ಕ ಶೌಚಾಲಯ, ಸುತ್ತ ಬೇಲಿ ಬೇಕು. ಹತ್ತಿರದಲ್ಲಿ ತೆರೆದ ಗಟಾರ, ಬಾವಿ, ಕೃಷಿ ಹೊಂಡ, ಬಾಯಿ ಮುಚ್ಚದ ಹಳೇ ಹಗೇವು ಇರಬಾರದು. ಗೊಬ್ಬರ, ಎಣ್ಣೆ ಔಷಧಿ ಇಟ್ಟ ಹಳೆಯ ಗೋದಾಮು ಖಾಲಿ ಇದ್ದರೆ ಅದನ್ನೇ ಕೊಟ್ಟರಾಯಿತು ಎಂದು ಕೆಲವರು ಅನ್ನುತ್ತಾರೆ. ಅವರಿಗೆ ನನ್ನ ಕೈಮುಗಿದ ವಿನಂತಿ: ಅಂಥ ನೆಲದ ಮೇಲೆ ಅಂಬೆಗಾಲಿಡುವ ಕೂಸನ್ನು ಬಿಡಬೇಡಿರಿ. ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ.

ಅಡುಗೆಯ ಒಲೆ ಬೇರೆ ಕಟ್ಟಡದಲ್ಲಿ ಇರಲಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಹುಲ್ಲಿನ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಆ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಲ್ಲ.

ನಾಲ್ಕನೆಯದು ಆರೈಕೆಯ ಕೈಗಳು. ಅದೇ ಮಾರ್ಗಸೂಚಿಯಂತೆ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ತರಬೇತಾದ ಕಾರ್ಯಕರ್ತೆ, ಜೊತೆಗೆ ಸಹಾಯಕಿ ಬೇಕು. ಒಬ್ಬಳೇ ಇದ್ದರೆ, ಅವಳು ನೀರಿಗೆ ಹೋದಾಗ ಕೂಸು ಯಾರ ಕೈಯಲ್ಲಿ? ಕೆಲಸಕ್ಕೆ ಸೇರಿಸುವ ಪ್ರತಿಯೊಬ್ಬರ ಬಗ್ಗೆ ಪೊಲೀಸ್ ಪರಿಶೀಲನೆ ಆಗಬೇಕು, ನಮ್ಮ ಬೀಗರೇ ಇರಲಿ, ಅಧ್ಯಕ್ಷರ ಮನೆಯವರೇ ಇರಲಿ. 2012ರ ಪೋಕ್ಸೊ ಕಾಯ್ದೆಯಂತೆ ಮಗುವಿನ ಮೇಲೆ ಅತ್ಯಾಚಾರ ನಡೆದದ್ದು ಗೊತ್ತಿದ್ದೂ ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಶಿಕ್ಷೆ ಇದೆ. 'ಊರ ಮರ್ಯಾದಿ' ಎಂದು ಮುಚ್ಚಿಡಲು ಕಾನೂನು ಬಿಡುವದಿಲ್ಲ.

ಐದನೆಯದು ದಫ್ತರ. ಪ್ರತಿ ಕೂಸಿನ ಹೆಸರು, ಹುಟ್ಟಿದ ತಾರೀಖು, ತಾಯಿ ಕಾರ್ಡಿನಲ್ಲಿರುವ ಲಸಿಕೆಯ ವಿವರ, ತಿಂಗಳ ತೂಕ, ಬಿಟ್ಟ ವೇಳೆ, ಒಯ್ದ ವೇಳೆ, ಯಾರ ಕೈಗೆ ಕೊಡಬೇಕು ಎಂಬ ತಾಯಿಯ ಒಪ್ಪಿಗೆ ಎಲ್ಲ ಬರೆದಿಡಬೇಕು. ತಾಯಿ ಬರೆದುಕೊಟ್ಟವರನ್ನು ಬಿಟ್ಟು ಕಾಕಾ ಬಂದರೂ ಕೂಸು ಕೊಡಕೂಡದು. ಶುಲ್ಕದ ಬಗ್ಗೆ ಒಂದು ಮಾತು. 2017ರ ರಾಷ್ಟ್ರೀಯ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ತಿಂಗಳಿಗೆ 20 ರೂಪಾಯಿ ಇಟ್ಟಿದ್ದರು. ಸ್ವಲ್ಪವಾದರೂ ಕೊಟ್ಟರೆ ಕೇಳುವ ಹಕ್ಕು ತಾಯಿಗೆ ಬರುತ್ತದೆ.

ಕೊನೆಯದು ವೇಳೆ. ಕಚೇರಿಯ ವೇಳೆಗೆ ತೆರೆದು ಕಚೇರಿಯ ವೇಳೆಗೆ ಮುಚ್ಚಿದರೆ ಪ್ರಯೋಜನವಿಲ್ಲ. ಬುತ್ತಿ ಕಟ್ಟಿಕೊಂಡು ತಾಯಿ ಹೊರಡುವಾಗ ಬಾಗಿಲು ತೆರೆದಿರಬೇಕು, ಅವಳು ಹೊಲದಿಂದ ಮರಳಿದ ಮೇಲೆಯೇ ಮುಚ್ಚಬೇಕು. ಕಸ ತೆಗೆಯುವ ದಿನ, ಸುಗ್ಗಿಯ ದಿನ ಕೇಂದ್ರಕ್ಕೆ ಸೂಟಿ ಇರಬಾರದು.

ಕೂಡಿ ಎಣಿಸೋಣ

ಹೊಸ ಸಾಮಾಜಿಕ ಭದ್ರತಾ ಸಂಹಿತೆಯ 67ನೆಯ ಪ್ರಕರಣದಲ್ಲಿ ಒಂದು ಮಾತಿದೆ. ಹಲವು ಸಂಸ್ಥೆಗಳು ತಮ್ಮ ಸಂಪನ್ಮೂಲ ಕೂಡಿಸಿ ಒಂದೇ ಶಿಶುಪಾಲನಾ ಕೇಂದ್ರ ನಡೆಸಬಹುದು ಎಂದು ಅಲ್ಲಿ ಬರೆದಿದ್ದಾರೆ. ಅದು ಬರೆದದ್ದು ದೊಡ್ಡ ಕಂಪನಿಗಳಿಗಾಗಿ. ಆದರೆ ಆ ಮಾತು ಯಾರದು? ಬಿಡಿಬಿಡಿ ಇದ್ದವರು ಕೂಡಿದರೆ ಆಗುತ್ತದೆ ಎಂಬುದು ನಮ್ಮ ಮಾತು, ಕಣಗಿನಹಾಳದ ಮಾತು. ಎಂಟು ಆಳಿನ ಹೊಲ, ಆರು ಆಳಿನ ಹೊಲ, ಆಳಿಲ್ಲದ ಹೊಲ ಎಲ್ಲ ಕೂಡಿದರೆ ಅದೇ ನಮ್ಮ ಸಂಘದ ಸದಸ್ಯರ ಯಾದಿ. ಕಾನೂನಿಗೆ ಎಣಿಸಲು ಬಾರದ ತಾಯಂದಿರನ್ನು ನಮ್ಮ ಸಂಘ ಎಣಿಸಬಲ್ಲದು. 1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂತರರಾಷ್ಟ್ರೀಯ ಸಹಕಾರಿಗಳು ಒಪ್ಪಿಕೊಂಡ ಏಳನೆಯ ತತ್ವ, ಸಮುದಾಯದ ಕಾಳಜಿ, ಇದಕ್ಕಿಂತ ಬೇರೆ ಏನಲ್ಲ.

ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತನ್ನು ನಾವು ಪ್ರತಿ ವರ್ಷದ ವರದಿಯಲ್ಲಿ ಬರೆಯುತ್ತೇವೆ. ಒಮ್ಮೆ ಕೂಸುಗಳ ಲೆಕ್ಕದಲ್ಲೂ ಅದನ್ನು ಬರೆಯೋಣ. ಗಡಿಬಿಡಿಯಿಲ್ಲ, ಎಲ್ಲ ಸಿದ್ಧತೆಯಾಗದೆ ಬಾಗಿಲು ತೆರೆಯುವದೂ ಬೇಡ. ಹತ್ತು ಕೂಸುಗಳಿಂದ, ಒಂದು ಒಳ್ಳೆಯ ಕೋಣೆಯಿಂದ ಆರಂಭವಾಗಲಿ.

ಈ ಲೇಖನ ಬರೆದ ಮೇಲೆ ಅಕ್ಕನಿಗೆ ಓದಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಗ ಇದ್ದಿದ್ರ ನಾನೂ ಸಹಿ ಮಾಡ್ತಿದ್ದೆನಪಾ' ಎಂದಳು. ಸಂಘವು ಸುವರ್ಣ ಮಹೋತ್ಸವ ಮಾಡುವ ದಿನ ನಾನು ಇರುವದಿಲ್ಲ. ಆ ದಿನ ಸಭೆಯ ನಡಾವಳಿ ಪುಸ್ತಕದಲ್ಲಿ ತಮ್ಮನನ್ನು ಎತ್ತಿಕೊಂಡು ಶಾಲೆ ಬಿಟ್ಟ ಹುಡುಗಿಯೊಬ್ಬಳ ಹೆಬ್ಬೆಟ್ಟೂ ಇರದಿರಲಿ, ಎಲ್ಲರ ಸಹಿಯೇ ಇರಲಿ ಎಂದು ಹಾರೈಸುತ್ತೇನೆ.